ಎರಡು ಹಳಿಗಳ ನಡುವಣ ಅಂತರ

ಸಿಂಗಟಗೆರೆಯ ಹಳೆಯ ಗಾಡಿದಾರಿಯಲ್ಲಿ ಎತ್ತಿನ ಬಂಡಿಯೇರಿದವರು ನೀವಾಗಿದ್ದರೆ, ರೈಲುಹಾದಿಯ ಅರ್ಧ ಶಾಸ್ತ್ರ ನಿಮಗೆ ತಿಳಿದಂತೆಯೇ. ಮಳೆಗಾಲದಲ್ಲಿ ಹಸಿಮಣ್ಣಿನ ಮೇಲೆ ಬಿದ್ದ ಜಾಡು ಬೇಸಗೆಗೆ ಗಟ್ಟಿಯಾಗುವುದು. ಊರಿನ ಬಂಡಿಗಳ ಚಕ್ರಗಳ ನಡುವಣ ಅಂತರ ಒಂದೇ ಆಗಿದ್ದರೆ ಚಿಂತೆಯಿಲ್ಲ. ಬೇರೆ ಅಳತೆಯ ಬಂಡಿ ಬಂದಿತೋ, ಒಂದು ಚಕ್ರ ಜಾಡಿನಲ್ಲಿ, ಮತ್ತೊಂದು ದಿಬ್ಬದ ಮೇಲೆ!

ರೈಲಿನಲ್ಲಿ ಈ ಅಂತರಕ್ಕೆ ಗೇಜು ಎಂದು ಹೆಸರು. ಅದನ್ನು ಎರಡು ಹಳಿಗಳ ತಲೆಯ ಒಳಮೈಯಿಂದ ಒಳಮೈಗೆ ಅಳೆಯತಕ್ಕದ್ದು. (ಹಳಿ ಎಂಬ ಪದಕ್ಕೆ ಕನ್ನಡದಲ್ಲಿ ನಿಂದಿಸು ಎಂಬ ಅರ್ಥವೂ ಉಂಟು, ಗಾಡಿ ತಡವಾದಾಗ ನಾವು ಮಾಡುವುದು ಅದನ್ನೇ.) ಹಳಿಗಳ ಕೆಳಗೆ ಅಡ್ಡಲಾಗಿ ಸ್ಲೀಪರು, ಅದರ ಕೆಳಗೆ ಜಲ್ಲಿ. ಜಲ್ಲಿಯನ್ನು ಏಕೆ ಗಾರೆ ಹಾಕಿ ಬಿಗಿಯುವುದಿಲ್ಲವೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಬಿಡಿಯಾಗಿರುವ ಚೂಪುಗಲ್ಲುಗಳು ಒಂದನ್ನೊಂದು ಕಚ್ಚಿ ಭಾರವನ್ನು ನೆಲಕ್ಕೆ ಹರಡುತ್ತವೆ, ಮಳೆನೀರನ್ನು ಬಸಿದುಬಿಡುತ್ತವೆ. ಹಾದಿ ಕುಸಿದೆಡೆ ಮತ್ತೆ ಬಡಿದು ಮಟ್ಟ ಮಾಡಲೂ ಬರುತ್ತದೆ. ಇನ್ನು ಬಿಸಿಲಿನ ಮಾತು. 13 ಮೀಟರು ಉದ್ದದ ಉಕ್ಕಿನ ಹಳಿ 30 ಡಿಗ್ರಿ ಕಾವೇರಿದರೆ ನಾಲ್ಕೂವರೆ ಮಿಲಿಮೀಟರಿನಷ್ಟು ಹಿಗ್ಗುವುದು. ಅದಕ್ಕೆಂದೇ ಹಳಿಗಳ ಸಂದಿನಲ್ಲಿ ಎಡೆ ಬಿಡುತ್ತಿದ್ದರು. ಹಿಂದಿನ ಗಾಡಿಯ ಟಕಟಕ ಸದ್ದು ಹುಟ್ಟುತ್ತಿದ್ದುದು ಅಲ್ಲಿಯೇ. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದು, ಭಾರವಾದ ಸ್ಲೀಪರುಗಳಿಗೆ ಬಿಗಿದು, ಆ ಹಿಗ್ಗನ್ನು ಅದುಮಿ ಹಿಡಿಯುತ್ತಾರೆ.

ಆದರೆ ಮುಖ್ಯ ಕಥೆ ಗೇಜಿನದು. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬಂದ ಹಾದಿ ಬ್ರಾಡ್ ಗೇಜು, ಅಂದರೆ 1,676 ಮಿಲಿಮೀಟರು. 1870ರಲ್ಲಿ ಲಾರ್ಡ್ ಮೇಯೋನ ಸರಕಾರ ಖರ್ಚಿಗೆ ಹೆದರಿ 1,000 ಮಿಲಿಮೀಟರಿನ ಮೀಟರ್ ಗೇಜನ್ನು ಒಪ್ಪಿತು. ಹಗುರ ಹಳಿ, ಕಿರಿದಾದ ಏರಿ, ಬಿಗಿಯಾದ ತಿರುವು: ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಉಳಿತಾಯವೇ. ಬೆಂಗಳೂರಿನಿಂದ ಕಡೂರು, ಬೀರೂರು ಹಾದು ಹರಿಹರಕ್ಕೆ ಹೋದ ಹಾದಿ ಈ ಅಳತೆಯದು. ಮುಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಾಕಿದ ಪುಟ್ಟ ಹಾದಿಯಂತೂ ಎರಡೇ ಅಡಿಯದು!

ಮಲೆನಾಡಿನ ಮರದ ದಿಮ್ಮಿಯೊಂದು ಮದರಾಸಿಗೆ ಹೊರಟಿತೆಂದು ಭಾವಿಸಿ. ತರೀಕೆರೆಯಲ್ಲಿ ಇಳಿಸಿ, ಮತ್ತೊಂದು ಗಾಡಿಗೆ ಏರಿಸಬೇಕು; ಬೆಂಗಳೂರಿನಲ್ಲಿ ಮತ್ತೆ ಇಳಿಸಿ, ಮತ್ತೆ ಏರಿಸಬೇಕು. ಹಾದಿಯಲ್ಲಿ ಉಳಿಸಿದ ಹಣ ಹೀಗೆ ಹಮಾಲರ ಬೆನ್ನಿನ ಮೇಲೆ ಖರ್ಚಾಗುತ್ತಿತ್ತು. ವರ್ತಕನಿಗೆ ದಿನಗಳೂ ಹೋಗುತ್ತಿದ್ದುವು. ಮೇಯೋನ ಆ ಮಿತವ್ಯಯವನ್ನು ನಾನು ಮೆಚ್ಚಲಾರೆ. ಆದರೆ ಅಷ್ಟಾದರೂ ಇಲ್ಲದಿದ್ದರೆ ನಮ್ಮ ಬಯಲುಸೀಮೆಗೆ ಹಾದಿ ಯಾವಾಗ ಬರುತ್ತಿತ್ತೋ!

ಬಾಲ್ಯದಲ್ಲಿ ಬೀರೂರಿನಲ್ಲಿ ನಾನು ಹತ್ತಿದ್ದು ಮೀಟರ್ ಗೇಜಿನ ಗಾಡಿಯನ್ನೇ. ದೇಶವೆಲ್ಲ ಒಂದೇ ಗೇಜಾಗಬೇಕೆಂಬ ಯೋಜನೆ 1992ರಲ್ಲಿ ಆರಂಭವಾಗಿ, ಆ ದಶಕದಲ್ಲಿಯೇ ನಮ್ಮ ಹಾದಿಯೂ ಅಗಲವಾಯಿತು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದ ಹೊಸ ಹಾದಿ ಮೊದಲಿನಿಂದಲೇ ಬ್ರಾಡ್ ಗೇಜು. ಕಡೂರಿನ ನಿಲ್ದಾಣಕ್ಕೆ ಹೋದಾಗ ಪ್ಲಾಟ್‌ಫಾರಮ್ಮಿನ ಮೇಲೆಯೇ ನಿಂತು ಸ್ಲೀಪರನ್ನು ನೋಡಿ. ಮರದ್ದಾಗಿದ್ದರೆ ಮೊಳೆ ಕಿತ್ತು ಬೇರೆಡೆ ಹೊಡೆಯಬಹುದಿತ್ತು. ಈಗಿನ ಕಾಂಕ್ರೀಟಿನದರಲ್ಲಿ ಹಳಿಯ ಸ್ಥಾನ ಅಚ್ಚಿನಲ್ಲಿ ಎರೆಯುವಾಗಲೇ ನಿಶ್ಚಯವಾಗಿರುತ್ತದೆ.