ಕೂಸಿನ ಆರನೆಯ ಹಲ್ಲು

(ಇಳಕಲ್ಲಿನ ನೇಕಾರ ಓಣಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೋದ ವಾರ ಎರಡು ದಿನ ಬರಲಿಲ್ಲ. ಮೂರನೆಯ ದಿನ ಮಗಳನ್ನು ಕರಕೊಂಡು ಬಂದರು. ಹುಡುಗಿಗೆ ಎಂಟು ವರ್ಷ. ಕೆನ್ನೆ ಇನ್ನೂ ಬಾತಿತ್ತು. ಹಿಂದಿನ ದಿನ ಆಸ್ಪತ್ರೆಯಲ್ಲಿ ದವಡೆ ಹಲ್ಲು ಕೀಳಿಸಿದ್ದರು. "ಹೋಗಲಿ ಬಿಡ್ರಿ, ಹಾಲಹಲ್ಲು. ಮತ್ತ ಬರತೈತಿ" ಅಂದರು ಅಕ್ಕ.

ನಾವು ಹುಡುಗಿಯ ಬಾಯಿ ನೋಡಿದೆವು. ಅದು ಹಾಲಹಲ್ಲು ಆಗಿರಲಿಲ್ಲ. ಆ ಜಾಗದಲ್ಲಿ ಮತ್ತೆ ಹಲ್ಲು ಬರುವುದಿಲ್ಲ. ಇದನ್ನು ಹೇಳಲು ನಮಗೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆವು. ಅಕ್ಕ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ನನಗ ಯಾರೂ ಹೇಳಿದ್ದಿಲ್ಲರಿ. ಇವರಿಗೆಲ್ಲಾ ಹೇಳ್ರಿ" ಅಂದರು. ಅದಕ್ಕೇ ಇವತ್ತು ಈ ಮಾತು.

ಹಾಲಹಲ್ಲು ಒಟ್ಟು 20. ಮೇಲೆ 10, ಕೆಳಗೆ 10. ಅಂದರೆ ಒಂದೊಂದು ಬದಿಗೆ 5. ಕೂಸಿಗೆ ಸುಮಾರು 6 ವರ್ಷ ಆದಾಗ ಐದನೆಯ ಹಲ್ಲಿನ ಹಿಂದೆ ಆರನೆಯದು ಬರುತ್ತದೆ. ಮುಂದಿನ ಹಲ್ಲು ಬಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಹುಡುಗರು ಅದನ್ನು ಕೈಯಲ್ಲಿ ಹಿಡಕೊಂಡು ಓಣಿ ತುಂಬ ತೋರಿಸುತ್ತಾರೆ. ಆರನೆಯ ಹಲ್ಲು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಿಂದೆ ಸದ್ದಿಲ್ಲದೆ ಬಂದು ಕೂಡುತ್ತದೆ. ಇದು ಮುಪ್ಪಿನ ತನಕ ರೊಟ್ಟಿ ಅಗಿಯಬೇಕಾದ ಹಲ್ಲು. ಒಂದು ಸಲ ಹೋದರೆ ಹೋಯಿತು. ಇಂಥವು ಬಾಯಿಯಲ್ಲಿ ನಾಲ್ಕು.

ಈ ಹಲ್ಲಿನ ಮೇಲೆ ಸಣ್ಣ ಸಣ್ಣ ತಗ್ಗು, ಗೆರೆ ಇರುತ್ತವೆ. ತಿಂದದ್ದು ಅಲ್ಲಿ ಸಿಗುತ್ತದೆ. ಹುಡುಗರು ಮುಂದಿನ ಹಲ್ಲು ತಿಕ್ಕಿ ಓಡುತ್ತಾರೆ, ಹಿಂದಕ್ಕೆ ಕೈ ಹೋಗುವುದಿಲ್ಲ. ಅದಕ್ಕೇ ಇದು ಬೇಗ ಹುಳುಕಾಗುತ್ತದೆ.

ಹುಳುಕು ಅಂತೀವಿ. ಆದರೆ ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹೊಗೆ ಹಾಕಿ ಹುಳ ತೆಗೆಯುತ್ತೇವೆ ಅಂತ ಬರುವವರಿಗೆ ರೊಕ್ಕ ಕೊಡಬ್ಯಾಡ್ರಿ. ಬಾಯಿಯಲ್ಲಿ ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ನಾವು ತಿಂದ ಸಕ್ಕರೆ, ಬೆಲ್ಲ ಅವುಗಳಿಗೂ ಊಟ. ಅವು ಅದನ್ನು ತಿಂದು ಹುಳಿ ಬಿಡುತ್ತವೆ. ಹಲ್ಲಿನ ಮೇಲಿನ ಪದರು ಎಲುಬಿಗಿಂತ ಗಟ್ಟಿ. ಅಂಥದ್ದನ್ನೂ ಆ ಹುಳಿ ಕರಗಿಸುತ್ತದೆ. ಸ್ವಲ್ಪ ಹೊತ್ತು ಬಾಯಿಗೆ ಬಿಡುವು ಕೊಟ್ಟರೆ ಜೊಲ್ಲು ಆ ಹುಳಿಯನ್ನು ತೊಳೆದು ಹಲ್ಲನ್ನು ಸುಧಾರಿಸುತ್ತದೆ.

ನಾವು ಬಿಡುವು ಕೊಡುತ್ತೇವೆಯೇ? ಮಗ್ಗದ ಮನೆಯಲ್ಲಿ ಕೂತು ನೋಡ್ರಿ. ಕಂಡಿಕಿ ಸುತ್ತುತ್ತ ಒಂದು ಚಾ, ಮತ್ತೊಂದು ಚಾ. ಬಾಜೂಕ ಕೂತ ಕೂಸಿಗೂ ಅದರಲ್ಲಿ ಅದ್ದಿದ ಬಿಸ್ಕೀಟು. ಅತ್ತರೆ ಪೆಪ್ಪರಮೆಂಟು. ರಾತ್ರಿ ಮಲಗಿಸುವಾಗ ಬಾಟಲಿಯಲ್ಲಿ ಸಕ್ಕರೆ ಹಾಲು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಎಷ್ಟು ಸಿಹಿ ತಿಂದೆವು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಅನ್ನುವುದು ಹೆಚ್ಚು ಕೆಡಿಸುತ್ತದೆ. ಅಮೀನಗಡದ ಕರದಂಟು ತಿನ್ನಬ್ಯಾಡ್ರಿ ಅಂತ ನಾವು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ! ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಹೋದವರು ಬೆಂಡು-ಬತ್ತಾಸು ತಾರದೆ ಬರುತ್ತಾರೆಯೇ? ತರ್ರಿ. ಊಟದ ಜೋಡಿ ತಿಂದು ಬಾಯಿ ಮುಕ್ಕಳಿಸಿರಿ. ಇಡೀ ದಿನ ಬಾಯಿಯಲ್ಲಿ ಇಟ್ಟುಕೊಳ್ಳಬ್ಯಾಡ್ರಿ. ನಡುವೆ ಹಸಿವಾದರೆ ಹುಡುಗರಿಗೆ ಶೇಂಗಾ ಕೊಡ್ರಿ, ಸವತೆಕಾಯಿ ಕೊಡ್ರಿ.

ಹುನಗುಂದ ಕಡೆಯ ಅಕ್ಕಗಳು ಒಂದು ಪ್ರಶ್ನೆ ಕೇಳುತ್ತಾರೆ. "ನಮ್ಮ ಹುಡುಗರ ಹಲ್ಲು ಕಂದು ಬಣ್ಣ ಅದಾವ. ಎಷ್ಟು ತಿಕ್ಕಿದರೂ ಹೋಗವಲ್ಲದು." ಅದು ಹುಳುಕಲ್ಲ, ಹೊಲಸೂ ಅಲ್ಲ. ಆ ಕಡೆ ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚು. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಹಲ್ಲು ಒಳಗೆ ಬೆಳೆಯುವಾಗಲೇ ಕಲೆ ಬೀಳುತ್ತದೆ. ನೀರು ಕಾಸಿದರೆ ಅದು ಹೋಗುವುದಿಲ್ಲ. ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದರೆ ಹಲ್ಲೇ ಸವೆಯುತ್ತದೆ. ಪಂಚಾಯ್ತಿಗೆ ಹೋಗಿ ನೀರು ಪರೀಕ್ಷೆ ಮಾಡಿಸಿರಿ ಅಂತ ಕೇಳ್ರಿ. ಅರ್ಜಿ ಬರೆಯಲು ಈಗ ನಿಮಗೆ ಬರುತ್ತದೆ. ಕುಡಿಯಲು, ಅಡಿಗೆಗೆ ಹೊಳೆಯ ಶುದ್ಧ ಮಾಡಿದ ನೀರು ಸಿಕ್ಕರೆ ಅದನ್ನೇ ಬಳಸಿರಿ.

ಇನ್ನು ಮಿಶ್ರಿ. ಈ ಮಾತು ಬಂದರೆ ಕೆಲವರು ಮುಖ ತಿರುಗಿಸುತ್ತೀರಿ, ನಮಗೆ ಗೊತ್ತು. ಮಿಶ್ರಿ ಹಚ್ಚಿದರೆ ನೋವು ಕಡಿಮೆ ಆದಂತೆ ಅನಿಸುತ್ತದೆ. ಆದರೆ ಅದು ಹುರಿದ ತಂಬಾಕು. ಹುಳುಕು ಒಳಗೆ ಹಾಗೇ ಬೆಳೆಯುತ್ತಿರುತ್ತದೆ. ವಸಡು ಕೆಡುತ್ತದೆ, ಬಾಯಿ ಕ್ಯಾನ್ಸರ್ ಬರುತ್ತದೆ. ತಾಯಿ ಹಚ್ಚುವುದನ್ನು ನೋಡಿ ಮಗಳೂ ಹಚ್ಚುತ್ತಾಳೆ.

ಹಲ್ಲು ದಿನಕ್ಕೆ ಎರಡು ಸಲ ತಿಕ್ಕಬೇಕು. ರಾತ್ರಿ ಮಲಗುವಾಗಿನದ್ದು ಬಿಡಲೇಬಾರದು. ಸಣ್ಣ ಕೂಸಿಗೆ ಅಕ್ಕಿ ಕಾಳಿನಷ್ಟು ಪೇಸ್ಟು ಸಾಕು, ಮೂರು ವರ್ಷ ದಾಟಿದವರಿಗೆ ಬಟಾಣಿ ಕಾಳಿನಷ್ಟು. ನುಂಗದೆ ಉಗುಳಲು ಕಲಿಸಿರಿ. ಏಳೆಂಟು ವರ್ಷದ ತನಕ ಹಿಂದಿನ ಹಲ್ಲು ತಾಯಿಯೇ ತಿಕ್ಕಬೇಕು. ತಂದೆ ತಿಕ್ಕಿದರೂ ನಡೆಯುತ್ತದೆ!

ಹಲ್ಲಿನ ಮೇಲೆ ಕರಿ ಚುಕ್ಕಿ ಕಂಡಾಗಲೇ ತಾಲೂಕು ಆಸ್ಪತ್ರೆಗೆ ಹೋಗಿರಿ. ಆಗ ಸಿಮೆಂಟು ತುಂಬಿ ಹಲ್ಲು ಉಳಿಸಬಹುದು. ನೋವು ಬರಲಿ ಅಂತ ಕಾದರೆ ಕೀಳುವ ತನಕ ಹೋಗುತ್ತದೆ. ಕೆನ್ನೆ ಬಾತು ಜ್ವರ ಬಂದರೆ ಅವತ್ತೇ ಹೋಗಬೇಕು. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು ಐತಿ. ಹೊಸದಾಗಿ ಬಂದ ಆರನೆಯ ಹಲ್ಲಿನ ಗೆರೆ ಮುಚ್ಚಲು ಹಲ್ಲಿನ ಡಾಕ್ಟರರು ಒಂದು ಲೇಪ ಹಚ್ಚುತ್ತಾರೆ. ಅದಕ್ಕೆ ಸೂಜಿ ಬೇಕಿಲ್ಲ, ನೋವೂ ಇಲ್ಲ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡ್ರಿ. 6 ವರ್ಷ ಆದ ಮಕ್ಕಳನ್ನು ಬಾಗಿಲ ಬೆಳಕಿಗೆ ಕೂಡಿಸಿ ಬಾಯಿ ತೆರೆಸಿರಿ. ನಟ್ಟನಡುವಿನಿಂದ ಒಂದು ಬದಿಗೆ ಎಣಿಸಿರಿ. ಬಿದ್ದ ಹಲ್ಲಿನ ಜಾಗವನ್ನೂ ಎಣಿಸಿರಿ. ಒಂದು, ಎರಡು, ಮೂರು, ನಾಲ್ಕು, ಐದು. ಅದರ ಹಿಂದೆ ಇನ್ನೊಂದು ಇದೆಯೇ? ಕರಿ ಚುಕ್ಕಿ ಇದೆಯೇ? ಮಗುವಿನ ಹೆಸರು, ಕಂಡದ್ದು ಎರಡೂ ಪಾಟಿಯ ಮೇಲೆ ಬರಕೊಂಡು ನಾಳೆ ತರ್ರಿ. ಚುಕ್ಕಿ ಇದ್ದ ಮಕ್ಕಳನ್ನು ಕರಕೊಂಡು ಎಲ್ಲರೂ ಕೂಡಿ ಆಸ್ಪತ್ರೆಗೆ ಹೋಗೋಣ.