ಊರೊಳಗಿನ ನದಿಗೆ ದಿಕ್ಕು ಯಾರು?

ಹುಟ್ಟಿದೆಡೆಯಲ್ಲಿ ತೀರ್ಥವೆನಿಸುವ ನದಿ ಊರು ಹೊಕ್ಕೊಡನೆ ಅನಾಥವಾಗುವುದುಂಟು. ಕ್ಯಾಲಿಫೋರ್ನಿಯದ ರಾಜಧಾನಿ ಸ್ಯಾಕ್ರಮೆಂಟೋದವರು ಹಾಗಾಗಗೊಡಲಿಲ್ಲ. ಅಲ್ಲಿ ಅಮೆರಿಕನ್ ನದಿಯ ದಡಗಳಲ್ಲಿ 20 ಮೈಲಿಗೂ ಮಿಕ್ಕ ಹಸುರು ಪಟ್ಟಿಯನ್ನು ಕಟ್ಟಡಗಳಿಗೆ ಬಿಡದೆ ಉಳಿಸಿಕೊಂಡಿದ್ದಾರೆ. ಸಾಮನ್ ಮೀನು ಮೊಟ್ಟೆಯಿಡಲು ಕಡಲಿನಿಂದ ಅಲ್ಲಿಗೆ ಏರಿಬರುತ್ತದೆ. ನಡೆಯುವವರಿಗೂ ಸೈಕಲ್ ಸವಾರರಿಗೂ ದಾರಿಯಿದೆ.

ಆದರೆ ಸುಖ ನಾಡಿಗೆಲ್ಲ, ಕಾಯುವ ಹೊರೆ ಹೆಚ್ಚಾಗಿ ಸ್ಥಳೀಯರದು. ಆದುದರಿಂದಲೇ 2016ರಲ್ಲಿ ರಾಜ್ಯವು ಶಾಸನಮಾಡಿ, ತನ್ನ ವನ್ಯಜೀವಿ ಸಂರಕ್ಷಣ ಮಂಡಲಿಯ ಮೂಲಕ ನದಿಯ ರಕ್ಷಣೆಗೆ ಸಹಾಯಧನದ ಏರ್ಪಾಡು ಮಾಡಿತು. 2018ರಲ್ಲಿ ಮತದಾರರು ಒಪ್ಪಿದ ಸಾಲಪತ್ರದ ಶಾಸನ ಅದಕ್ಕೆ 1 ಕೋಟಿ ಡಾಲರು ಒದಗಿಸಿತು.

ಸಾಲದ ಹಣ ಒಮ್ಮೆ ಬಂದು ಮುಗಿಯುವುದು. ನದಿಯ ಆರೈಕೆಗೆ ಮುಗಿವಿಲ್ಲ. ನಂದಾದೀಪ ಹಚ್ಚಿಸಿದ ನಮ್ಮ ಹಿಂದಿನವರು ಎಣ್ಣೆಗೂ ದತ್ತಿ ಬಿಡುತ್ತಿದ್ದರು. ನದಿಗೂ ಅಂಥ ದತ್ತಿಯೇ ಬೇಕು.