ಒಂಟೆ ಹೊತ್ತ ಪುಸ್ತಕ

ಕೆನ್ಯಾದ ಗರಿಸ್ಸಾ ಊರು ದಾಟಿದರೆ ರಸ್ತೆಗಿಂತ ಮರಳೇ ಹೆಚ್ಚು. ಮೇವು, ನೀರು ಹುಡುಕುತ್ತ ಅಲೆಯುವ ದನಗಾಹಿಗಳ ಮಕ್ಕಳು ಲೈಬ್ರರಿಗೆ ಬರುವುದಾದರೂ ಹೇಗೆ? 1996ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸೇವೆಯೇ ಮೂರು ಒಂಟೆ ಹೊಡೆದುಕೊಂಡು ಅವರ ಬಳಿಗೆ ಹೊರಟಿತು. ಒಂದರ ಬೆನ್ನಿಗೆ ಪುಸ್ತಕದ ಪೆಟ್ಟಿಗೆಗಳು, ಇನ್ನೊಂದಕ್ಕೆ ಡೇರೆ. ಮರದ ನೆರಳಲ್ಲಿ ಚಾಪೆ ಹಾಸಿದರೆ ಅದೇ ವಾಚನಾಲಯ. ಒಯ್ದ ಪುಸ್ತಕವನ್ನು ಒಂಟೆ ಮತ್ತೆ ಬಂದಾಗ ಮರಳಿಸಿದರಾಯಿತು.

ಕೆನ್ಯಾಕ್ಕೆ ಸ್ವಾತಂತ್ರ್ಯ ಬಂದದ್ದು 1963ರಲ್ಲಿ, ಗ್ರಂಥಾಲಯ ಸೇವೆಯ ಕಾನೂನು 1965ರಲ್ಲಿ. ನೂರೆಂಟು ತಾಪತ್ರಯಗಳ ನಡುವೆ ಎರಡೇ ವರ್ಷಕ್ಕೆ ಪುಸ್ತಕದ ನೆನಪಾದದ್ದು ಸಣ್ಣ ಮಾತಲ್ಲ.

ಪುಸ್ತಕವೇ ಓದುಗನ ಮನೆಬಾಗಿಲಿಗೆ ಹೋಗುವುದು ಹಳೆಯ ಯೋಚನೆಯೇ. ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಲ ಹಳ್ಳಿಗಳಿಗೆ 1931ರಲ್ಲೇ ಎತ್ತಿನ ಗಾಡಿ ಲೈಬ್ರರಿ ಹೋಗುತ್ತಿತ್ತು. ಅದೇ ವರ್ಷ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದ ಎಸ್.ಆರ್. ರಂಗನಾಥನ್ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

ಆಗಿನ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಕೆನ್ಯಾದ ಕಾನೂನಿನ ಓರಗೆಯದು, 1965ರದೇ. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಸೆಸ್ ಸೇರುತ್ತದೆ. ಕೇಳುಗರು ಇವತ್ತು ಮನೆಯ ತೆರಿಗೆ ರಸೀದಿಯನ್ನೊಮ್ಮೆ ಬಿಚ್ಚಿ ನೋಡಲಿ. ಸಂಜೆ ಬಡಾವಣೆಯ ಲೈಬ್ರರಿಯ ಕಡೆಗೂ ಒಂದು ಸುತ್ತು ಹೋಗಿಬರಲಿ.